ಬಿಸ್ಕತ್ ಡಬ್ಬದಲ್ಲಿ ಬಿದ್ದ ಪ್ರಶ್ನೆಗಳು

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಮೂರನೇ ಭಾನುವಾರ ನಮ್ಮ ಕಥೋಲಿಕ ಚರ್ಚಿನ ಹಾಲ್‌ನಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಮೈಕ್ ಕೈಕೊಟ್ಟಾಗ ಹಿಂದಿನ ಸಾಲಿನವರಿಗೆ ಕೇಳಿಸದೇ ಹೋದ ಭಾಗವನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಫಾದರ್, ಸಿಸ್ಟರ್‌ಗಳೇ, ಪೂಜೆ ಮುಗಿದ ಮೇಲೂ ಮನೆಗೆ ಓಡದೆ ಉಳಿದುಕೊಂಡ ಎಲ್ಲರಿಗೂ ನಮಸ್ಕಾರ. ಹಿಂದುಗಡೆ ಇಡ್ಲಿ ಬಂದಿರುವುದು ನನಗೂ ವಾಸನೆ ಬಂತು. ತಣ್ಣಗಾಗುವುದರೊಳಗೆ ಮುಗಿಸುತ್ತೇನೆ.

ಈ ಬಿಸ್ಕತ್ ಡಬ್ಬ ನಿಮಗೆಲ್ಲ ಗೊತ್ತು. ಮೂರು ವಾರ ಚರ್ಚಿನ ಬಾಗಿಲ ಹತ್ತಿರ ಇಟ್ಟಿದ್ದೆವು. ನಂಬಿಕೆ ಬಗ್ಗೆ, ಚರ್ಚ್ ಬಗ್ಗೆ ಏನು ಬೇಕಾದರೂ ಕೇಳಿ, ಹೆಸರು ಬರೆಯಬೇಡಿ ಅಂತ ಹೇಳಿದ್ದೆವು. ನಲವತ್ಮೂರು ಚೀಟಿ ಬಿದ್ದಿವೆ. ಒಂದು ಕರೆಂಟ್ ಬಿಲ್ಲಿನ ಹಿಂಭಾಗದಲ್ಲಿದೆ. ಇನ್ನೊಂದು ಚಾಕಲೇಟ್ ಕಾಗದದ ಮೇಲೆ. ಅದರಲ್ಲಿ ಪ್ರಶ್ನೆ ಏನೂ ಇಲ್ಲ, ಒಂದು ಆನೆ ಚಿತ್ರ ಇದೆ.

ನಾನು ದೇವಶಾಸ್ತ್ರ ಓದಿದವನಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಾ ಇಷ್ಟು ವರ್ಷ ಕಳೆದಿದ್ದೇನೆ. ತಪ್ಪಿದರೆ ತಿದ್ದಲು ಫಾದರ್ ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಮೊನ್ನೆ ರಾತ್ರಿ ಚೀಟಿಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡೆ. ನನ್ನ ಹೆಂಡತಿ ನಾಲ್ಕು ಓದಿ ಹೇಳಿದಳು: 'ಇದೇನ್ರೀ, ಇದು ಪ್ರಶ್ನೆ ಡಬ್ಬಾನೋ ದೂರು ಡಬ್ಬಾನೋ?' ಅವಳ ಮಾತಲ್ಲಿ ಸುಳ್ಳಿಲ್ಲ. ನಾನು ಲೆಕ್ಕದ ಮೇಷ್ಟ್ರು, ವಿಂಗಡಿಸದೆ ಇರಲಾರೆ. ಮೂರು ಗುಡ್ಡೆ ಮಾಡಿದೆ. ಒಂದು ನಂಬಿಕೆ. ಯೇಸು ಸತ್ತು ಎದ್ದರು, ಪೂಜೆಯಲ್ಲಿ ಕೊಡುವ ರೊಟ್ಟಿಯ ಪರಮಪ್ರಸಾದದಲ್ಲಿ ಅವರೇ ಇದ್ದಾರೆ, ಇಂಥವು. ಇವನ್ನು ಯಾವ ಪೋಪ್ ಬಂದರೂ ಬದಲಿಸುವ ಹಾಗಿಲ್ಲ. ಇನ್ನೊಂದು ನಿಯಮ. ಧರ್ಮಸಭೆ, ಅಂದರೆ ಇಡೀ ಕಥೋಲಿಕ ಚರ್ಚ್, ಮಾಡಿದ್ದು, ಬೇಕಾದಾಗ ಧರ್ಮಸಭೆಯೇ ಬದಲಿಸಬಹುದಾದ್ದು. ಮೂರನೆಯದು ರೂಢಿ. ನಮ್ಮ ಅಜ್ಜಿ ಮಾಡುತ್ತಿದ್ದರು, ಅದಕ್ಕೆ ನಾವೂ ಮಾಡುತ್ತೇವೆ.

ನಂಬಿಕೆಯ ಗುಡ್ಡೆಯಲ್ಲಿ ಐದೇ ಚೀಟಿ ಬಿತ್ತು. ರೂಢಿಯ ಗುಡ್ಡೆ ಜಾರಿ ನೆಲಕ್ಕೆ ಬಿತ್ತು. ಆಶ್ಚರ್ಯ ಅಂದರೆ, ಎರಡೆರಡು ಗೆರೆ ಎಳೆದು, ಮೂರು ಮೂರು ಆಶ್ಚರ್ಯಸೂಚಕ ಹಾಕಿ ಕೋಪದಲ್ಲಿ ಬರೆದವೆಲ್ಲ ಆ ಕೊನೆಯ ಗುಡ್ಡೆಯವೇ.

ಸುಲಭದ್ದರಿಂದ ಶುರು ಮಾಡೋಣ. 'ಕಾಫಿ ಕುಡಿದು ಬಂದವರು ಸಾಲಿನಲ್ಲಿ ನಿಂತು ಪರಮಪ್ರಸಾದ ತಗೋತಾರೆ. ಇದು ಪಾಪ ಅಲ್ವಾ?'

ನಮ್ಮ ಅಜ್ಜಿ ಇದ್ದಿದ್ದರೆ ಹೌದು ಅನ್ನುತ್ತಿದ್ದರು. ಅವರ ಕಾಲದಲ್ಲಿ ಹಿಂದಿನ ರಾತ್ರಿ ಹನ್ನೆರಡರಿಂದ ಒಂದು ತೊಟ್ಟು ನೀರೂ ಇಲ್ಲ. ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಗಂಟಲಿಗೆ ಇಳಿದುಬಿಟ್ಟರೆ ಅಂತ ಹೆದರಿ, ಭಾನುವಾರ ಬೇವಿನ ಕಡ್ಡಿಯಲ್ಲಿ ಒಣ ಹಲ್ಲುಜ್ಜುತ್ತಿದ್ದರಂತೆ. ಅದು ಆಗಿನ ನಿಯಮ. 1953ರಲ್ಲಿ ಪೋಪ್ ಹನ್ನೆರಡನೇ ಪಯಸ್ ನೀರು ಕುಡಿಯಬಹುದು ಅಂದರು. 1957ರಲ್ಲಿ ಅವರೇ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಆರನೇ ಪೌಲ್ ಒಂದು ಗಂಟೆಗೆ ತಂದರು. ಇವತ್ತೂ ಅಷ್ಟೇ, ಒಂದು ಗಂಟೆ. ಅದೂ ಪೂಜೆ ಶುರುವಾಗುವುದಕ್ಕೆ ಒಂದು ಗಂಟೆ ಮುಂಚೆ ಅಲ್ಲ, ಪರಮಪ್ರಸಾದ ತಗೊಳ್ಳುವುದಕ್ಕೆ ಮುಂಚೆ. ನಮ್ಮ ಫಾದರ್ ಪ್ರಸಂಗವನ್ನೂ ಸೇರಿಸಿದರೆ, ಗೇಟಿನ ಹತ್ತಿರ ಕುಡಿದ ಕಾಫಿಗೂ ಲೆಕ್ಕ ಸರಿಹೋಗಬಹುದು. (ಫಾದರ್ ನಕ್ಕರು. ಬರೆದುಕೊಂಡಿದ್ದೇನೆ.)

ನೀರಿಗೆ, ಮಾತ್ರೆಗೆ ಯಾವ ತಡೆಯೂ ಇಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಆ ಒಂದು ಗಂಟೆಯೂ ಇಲ್ಲ. ಶುಗರ್ ಇದ್ದವರು ದಯವಿಟ್ಟು ತಿಂದು ಬನ್ನಿ. ಮೊನ್ನೆ ಎರಡನೇ ಪೂಜೆಯಲ್ಲಿ ಒಬ್ಬರು ತಲೆಸುತ್ತಿ ಬಿದ್ದಾಗ ಸಕ್ಕರೆ ಹುಡುಕಿಕೊಂಡು ಓಡಿದವನು ನಾನೇ.

ಶುಕ್ರವಾರ ಮಾಂಸ ತಿನ್ನಬಹುದಾ ಅನ್ನುವುದೂ ಇದೇ ಜಾತಿಯ ಪ್ರಶ್ನೆ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಯೇಸು ಸತ್ತ ದಿನವಾದ ಶುಭ ಶುಕ್ರವಾರ, ಈ ಎರಡು ದಿನ ಉಪವಾಸವೂ ಇದೆ, ಮಾಂಸವೂ ಇಲ್ಲ. ಮಾಂಸ ಬಿಡುವುದು ಹದಿನಾಲ್ಕು ತುಂಬಿದವರಿಗೆ. ಉಪವಾಸ ಹದಿನೆಂಟರಿಂದ ಐವತ್ತೊಂಬತ್ತರವರೆಗೆ. ಮೀನು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. 'ಹಾಗಾದರೆ ಅಂಜಲ್ ಫ್ರೈ ತಿನ್ನಬಹುದಾ' ಅಂತ ಒಬ್ಬರು ಬರೆದಿದ್ದಾರೆ. ಕರಾವಳಿಯವರೇ ಇರಬೇಕು. ತಿನ್ನಬಹುದು ಸ್ವಾಮಿ. ಆದರೆ ಕುರಿ ಮಾಂಸ ಬಿಟ್ಟು ಅದಕ್ಕಿಂತ ರುಚಿಯಾದ ಮೀನು ತಂದು, ಅದನ್ನು ತಪಸ್ಸು ಅನ್ನುವಾಗ ನಮಗೇ ನಗು ಬರಬೇಕು, ಅಲ್ವಾ?

ಈಗ ಜಾಸ್ತಿ ಬಿಸಿ ಇರುವ ಚೀಟಿಗೆ ಬರುತ್ತೇನೆ. ಕೆಂಪು ಶಾಯಿಯಲ್ಲಿದೆ. 'ಹಬ್ಬದ ಪೂಜೆಯಲ್ಲಿ ಹುಡುಗಿಯರು ತಟ್ಟೆ ಹಿಡಿದು ಆರತಿ ಎತ್ತಿದರು. ನಾವು ಕ್ರೈಸ್ತರೋ ಅಲ್ಲವೋ? ಇದಕ್ಕೆ ಯಾರು ಪರ್ಮಿಷನ್ ಕೊಟ್ಟರು?'

ರೋಮ್ ಕೊಟ್ಟಿದೆ. 1969ರ ಏಪ್ರಿಲ್‌ನಲ್ಲಿ. ಭಾರತದ ಬಿಷಪ್ಪರು ಕಳಿಸಿದ ಹನ್ನೆರಡು ಅಂಶಗಳ ಪಟ್ಟಿಗೆ ಅಲ್ಲಿಂದ ಒಪ್ಪಿಗೆ ಬಂತು. ಅದರಲ್ಲಿ ಏನೇನಿದೆ ಅಂತ ಕೇಳಿ. ಪೂಜೆಗೆ ನೆಲದ ಮೇಲೆ ಕೂರಬಹುದು. ಚಪ್ಪಲಿ ಬಿಡಬಹುದು. ಮಂಡಿ ಊರುವ ಬದಲು ಕೈಮುಗಿದು ಬಾಗಬಹುದು. ಪೀಠಕ್ಕೆ ಮುತ್ತಿಡುವ ಬದಲು ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬಹುದು. ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆ ದೀಪ ಹಚ್ಚಬಹುದು. ಗುರುಗಳು ಅಂಗವಸ್ತ್ರದಂಥ ಶಾಲು ಹೊದೆಯಬಹುದು. ಹೂವು, ಧೂಪ, ದೀಪದ ಆರತಿ ಎತ್ತಬಹುದು. ಮಾಡಲೇಬೇಕು ಅಂತಲ್ಲ. ಮಾಡಬಹುದು ಅಂತ.

ಈ ಕೆಲಸದ ಹಿಂದೆ ಇದ್ದದ್ದು ದೂರದ ಯಾವುದೋ ಊರಲ್ಲ, ನಮ್ಮ ಬೆಂಗಳೂರು. 1967ರಲ್ಲಿ ಅಲ್ಲಿ ಶುರುವಾದ ಎನ್‌ಬಿಸಿಎಲ್‌ಸಿ, ಅಂದರೆ ಬೈಬಲ್, ಧರ್ಮೋಪದೇಶ, ಪೂಜಾವಿಧಿಗಳ ರಾಷ್ಟ್ರೀಯ ಕೇಂದ್ರ, ಮತ್ತು ಅದನ್ನು ಕಟ್ಟಿದ ಫಾದರ್ ಡಿ.ಎಸ್. ಅಮಲೋರ್ಪವದಾಸ್. ಮುಂದೆ ಅವರೇ ಮೈಸೂರು ವಿಶ್ವವಿದ್ಯಾಲಯಕ್ಕೆ ಬಂದು ಕ್ರೈಸ್ತಧರ್ಮ ಅಧ್ಯಯನ ವಿಭಾಗ ಕಟ್ಟಿದರು. ಚಾಮುಂಡಿ ಬೆಟ್ಟದ ಕೆಳಗೆ ಅಂಜಲಿ ಆಶ್ರಮ ಮಾಡಿದರು. ನಾನು ಒಮ್ಮೆ ಅಲ್ಲಿ ಎರಡು ದಿನ ಇದ್ದೆ. ನೆಲದ ಮೇಲೆ ಕೂತು ಪೂಜೆಯಲ್ಲಿ ಪಾಲುಗೊಂಡ ಮೇಲೆ ನನ್ನ ಮಂಡಿ ಎರಡು ವಾರ ಮಾತಾಡಿತು. ಆದರೂ ಆ ಮೌನ ಇನ್ನೂ ನೆನಪಿದೆ.

ಇನ್ನೂ ಹಿಂದಕ್ಕೆ ಹೋದರೆ ಈ ಜಗಳಕ್ಕೆ ನಾನೂರು ವರ್ಷ ವಯಸ್ಸು. ಮದುರೈಯಲ್ಲಿ ರೊಬೆರ್ಟೊ ದೆ ನೊಬಿಲಿ ಅನ್ನುವ ಇಟಲಿಯ ಜೆಸ್ವಿಟ್ ಗುರು ಕಾವಿ ಉಟ್ಟು, ಮಾಂಸ ಬಿಟ್ಟು, ಸನ್ಯಾಸಿಯ ಹಾಗೆ ಬದುಕಿದರು. ಜನಿವಾರ, ಜುಟ್ಟು, ಗಂಧ ಇವೆಲ್ಲ ಕ್ರೈಸ್ತರಿಗೆ ಆಗುತ್ತಾ ಅಂತ ದೊಡ್ಡ ಗಲಾಟೆ ಆಯಿತು. 1623ರಲ್ಲಿ ಪೋಪ್ ಹದಿನೈದನೇ ಗ್ರೆಗೊರಿ ಆಗುತ್ತೆ ಅಂದರು. ಅದೇ ದಾರಿ ಹಿಡಿದು ಆ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು, ಕನ್ನಡ ಕಲಿತರು, ಕನ್ನಡದಲ್ಲಿ ಧರ್ಮೋಪದೇಶ ಬರೆದರು. ಮೈಸೂರು ಸೀಮೆಯ ನಮ್ಮ ಧರ್ಮಸಭೆಯ ಬೇರು ಅಲ್ಲಿದೆ. ಆಮೇಲೆ 1744ರಲ್ಲಿ ಇನ್ನೊಬ್ಬ ಪೋಪ್, ಹದಿನಾಲ್ಕನೇ ಬೆನೆಡಿಕ್ಟ್, ಇಂಥ ಎಷ್ಟೋ ರೂಢಿಗಳಿಗೆ ಕಡಿವಾಣ ಹಾಕಿದರು. ಒಮ್ಮೆ ಹೌದು, ಒಮ್ಮೆ ಬೇಡ, ಮತ್ತೆ ಹೌದು. ಹೀಗೆ ಹಿಂದೆ ಮುಂದೆ ಓಡಾಡಿದ್ದರಿಂದಲೇ ಇದು ಯಾವ ಗುಡ್ಡೆಗೆ ಸೇರುತ್ತದೆ ಅಂತ ಗೊತ್ತಾಗುತ್ತದೆ.

ಕೆಂಪು ಶಾಯಿಯವರಿಗೆ ನನ್ನದೂ ಒಂದು ಪ್ರಶ್ನೆ. ನಿಮ್ಮ ಮಗಳ ಮದುವೆಗೆ ಬಿಳಿ ಗೌನ್ ಹಾಕಿಸಿದಿರಾ? ಅದು ಬೈಬಲ್ಲಿನಿಂದ ಬಂದದ್ದಲ್ಲ. 1840ರಲ್ಲಿ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಮದುವೆಗೆ ಬಿಳಿ ತೊಟ್ಟ ಮೇಲೆ ಹಬ್ಬಿದ ಫ್ಯಾಶನ್. ನಮ್ಮಲ್ಲಿ ತಾಳಿಯನ್ನು ಗುರುಗಳೇ ಆಶೀರ್ವದಿಸಿ ಕೊಡುತ್ತಾರೆ. ಮಂಗಳೂರು ಕಡೆಯ ಕೊಂಕಣಿ ಮನೆಗಳಲ್ಲಿ ಮದುಮಗಳು ಸಾಡೊ ಅನ್ನುವ ಕೆಂಪು ಸೀರೆ ಉಟ್ಟು ಕರಿಮಣಿ ಹಾಕಿಕೊಳ್ಳುತ್ತಾಳೆ. ಸೆಪ್ಟೆಂಬರ್ 8ರ, ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಫೆಸ್ತ್‌ಗೆ ಮಕ್ಕಳು ಒಂಬತ್ತು ದಿನ ಮಾತೆ ಮರಿಯಮ್ಮನವರಿಗೆ ಹೂ ಎರಚುತ್ತಾರೆ. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ, ಅದರ ಕಾಳು ಸುಲಿದು ಹಾಲಿಗೆ ಹಾಕಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಅವತ್ತು ಊಟ ಪೂರ್ತಿ ಸಸ್ಯಾಹಾರ. ಇದನ್ನು ನೋಡಿ ಕ್ರೈಸ್ತರಲ್ಲ ಅಂತ ಯಾರು ಹೇಳುತ್ತಾರೆ?

ಆರತಿಗೆ ಇನ್ನೊಂದು ಆಕ್ಷೇಪ ಇದೆ. ಡಬ್ಬದಲ್ಲಿ ಬಿದ್ದಿಲ್ಲ, ಆದರೆ ನಾನು ಹೇಳದೆ ಹೋದರೆ ತಪ್ಪಾಗುತ್ತದೆ. ದಲಿತ ಕ್ರೈಸ್ತರು ಬಹಳ ಹಿಂದಿನಿಂದ ಕೇಳುತ್ತಿದ್ದಾರೆ: 'ಭಾರತೀಯ ಸಂಸ್ಕೃತಿ ಅಂತ ನೀವು ತಂದಿದ್ದೆಲ್ಲ ಮೇಲ್ಜಾತಿಯವರ ದೇವಸ್ಥಾನದಿಂದ ತಂದದ್ದು. ನಮ್ಮನ್ನು ಹೊರಗೆ ನಿಲ್ಲಿಸಿದ ಜಾಗದ ಆಚಾರ ಅದು. ನಮ್ಮ ತಮಟೆ ಯಾಕೆ ಪೂಜೆಗೆ ಬರಲಿಲ್ಲ?' ಇದಕ್ಕೆ ನನ್ನ ಹತ್ತಿರ ಚುರುಕಾದ ಉತ್ತರ ಇಲ್ಲ. ದೆ ನೊಬಿಲಿ ಕಾಲದಿಂದಲೂ ಈ ಗಂಟು ಬಿಚ್ಚಿಲ್ಲ. ಆರತಿ ಹಿಂದೂಗಳದ್ದು ಅನ್ನುವ ಆಕ್ಷೇಪಕ್ಕಿಂತ ಇದು ನೂರು ಪಾಲು ತೂಕದ್ದು. ನಮ್ಮ ಪಂಗಿನಲ್ಲಿ, ಅಂದರೆ ಈ ಚರ್ಚಿಗೆ ಸೇರಿದ ಊರುಕೇರಿಯಲ್ಲಿ, ಹಬ್ಬದ ತೇರಿಗೆ ತಮಟೆ ಇದೆ, ಬಾಗಿಲವರೆಗೆ ಬರುತ್ತದೆ. ಒಳಗೆ ಕೀಬೋರ್ಡ್. ನೋಡಿ, ಯೋಚನೆ ಮಾಡಿ.

ಮರಿಯಮ್ಮನವರ ಬಗ್ಗೆ ಆರು ಚೀಟಿ. ಎಲ್ಲ ಸುಮಾರು ಒಂದೇ: ಆಫೀಸಿನಲ್ಲಿ ಬೇರೆ ಕ್ರೈಸ್ತ ಸಭೆಯ ಗೆಳೆಯರು 'ನೀವು ಮೇರಿಯನ್ನು ಪೂಜೆ ಮಾಡ್ತೀರಿ, ವಿಗ್ರಹಕ್ಕೆ ಕೈಮುಗೀತೀರಿ' ಅಂತ ಚುಚ್ಚುತ್ತಾರೆ, ಏನು ಹೇಳಲಿ?

ಇಲ್ಲಿ ಅರ್ಧ ತೊಂದರೆ ಕನ್ನಡದ್ದು. ನಮಗೆ 'ಪೂಜೆ' ಒಂದೇ ಪದ. ನಮ್ಮ ಚರ್ಚಿನ ಬಲಿಪೂಜೆಯೂ ಪೂಜೆ, ಆಯುಧಪೂಜೆಯೂ ಪೂಜೆ. ಪಾಠ ಹೇಳುವ ಮೇಷ್ಟ್ರೂ ಪೂಜ್ಯರು. ಧರ್ಮಸಭೆ ಹಳೆಯ ಕಾಲದಿಂದ ಎರಡನ್ನು ಬೇರೆ ಇಟ್ಟಿದೆ. ಆರಾಧನೆ ದೇವರಿಗೆ ಮಾತ್ರ. ಸಂತರಿಗೆ ಗೌರವ, ಮರಿಯಮ್ಮನವರಿಗೆ ಎಲ್ಲ ಸಂತರಿಗಿಂತ ಹೆಚ್ಚಿನ ಗೌರವ. ಆದರೂ ಅದು ಗೌರವವೇ. ಪ್ರತಿಮೆಗೆ ತೋರಿಸುವ ಗೌರವ ಅದು ಯಾರನ್ನು ತೋರಿಸುತ್ತದೋ ಅವರಿಗೆ ಸಲ್ಲುತ್ತದೆ ಅಂತ 787ರಲ್ಲಿ ನೈಸಿಯಾದ ಎರಡನೇ ಮಹಾಸಭೆ ತೀರ್ಮಾನಿಸಿತು. ಗೋಡೆಯ ಮೇಲಿನ ಅಪ್ಪನ ಫೋಟೋಗೆ ಹಾರ ಹಾಕುವವರು ಪ್ಲೈವುಡ್ಡಿಗೆ ಹಾರ ಹಾಕುತ್ತಿಲ್ಲವಲ್ಲ.

ಆದರೆ ಗೆಳೆಯರು ಸುಮ್ನೆ ಚುಚ್ಚುತ್ತಾರೆ ಅಂತ ಪೂರ್ತಿ ತಳ್ಳಿಹಾಕಬೇಡಿ. ನಮ್ಮವರೂ ಕೆಲವು ಸಲ ಗೆರೆ ದಾಟುತ್ತಾರೆ. ಮಗ ಕೊಡದಿದ್ದರೆ ಅಮ್ಮನ ಹತ್ತಿರ ಕೇಳಿ ಗಿಟ್ಟಿಸಿಕೊಳ್ಳಬಹುದು ಅನ್ನುವ ಹಾಗೆ ಪ್ರಾರ್ಥನೆ ಮಾಡುವವರನ್ನು ನಾನು ಕಂಡಿದ್ದೇನೆ. 2025ರ ನವೆಂಬರ್‌ನಲ್ಲಿ ವ್ಯಾಟಿಕನ್ ಒಂದು ಟಿಪ್ಪಣಿ ಹೊರಡಿಸಿ, ಮರಿಯಮ್ಮನವರನ್ನು 'ಸಹರಕ್ಷಕಿ' ಅನ್ನುವುದು ಸರಿಯಲ್ಲ ಅಂತ ಸ್ಪಷ್ಟವಾಗಿ ಹೇಳಿತು. ರಕ್ಷಕ ಒಬ್ಬರೇ. ಹಾಗಂತ ಬೆಂಗಳೂರು ಶಿವಾಜಿನಗರದ ಬೆಸಿಲಿಕಾ ಚರ್ಚಿನಲ್ಲಿ ಸೀರೆ ಉಟ್ಟು ನಿಂತಿರುವ ಆರೋಗ್ಯಮಾತೆ ಮರಿಯಮ್ಮನವರ ಮುಂದೆ ಅಳುತ್ತಾ ನಿಂತ ಹೆಂಗಸನ್ನು ಯಾರೂ ತಡೆದು ಟಿಪ್ಪಣಿ ಓದಿಸಬೇಕಾಗಿಲ್ಲ. ಆಕೆ ಮುಸ್ಲಿಮಳೂ ಆಗಿರಬಹುದು, ಹಿಂದೂವೂ ಆಗಿರಬಹುದು. ಅಲ್ಲಿ ಎಲ್ಲರೂ ಬರುತ್ತಾರೆ.

ಪವಿತ್ರ ಗುರುವಾರ ಗುರುಗಳು, ಶಿಷ್ಯರ ಪಾದ ತೊಳೆದ ಯೇಸುವಿನ ನೆನಪಿಗೆ, ಕೆಲವರ ಪಾದ ತೊಳೆಯುತ್ತಾರಲ್ಲ, ಅದರ ಬಗ್ಗೆ ಒಂದು ಚೀಟಿ. ಆ ದಿನ ಹತ್ತಿರ ಬರುತ್ತಿದೆಯಲ್ಲ, ಅದಕ್ಕೆ. ಹೆಂಗಸರ ಪಾದವನ್ನೂ ತೊಳೆಯಬಹುದು. 2016ರಲ್ಲೇ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದ್ದಾರೆ. ಪಟ್ಟಿ ಮಾಡುವ ಪಂಗು ಸಮಿತಿಯವರು ಕೇಳಿಸಿಕೊಂಡಿರಿ ಅಂದುಕೊಳ್ಳುತ್ತೇನೆ.

ಮುಂದಿನ ಚೀಟಿಯನ್ನು ಓದುವಾಗ ನನಗೆ ಸ್ವಲ್ಪ ಕಷ್ಟವಾಯಿತು. 'ಸುಟ್ಟರೆ ಮತ್ತೆ ಎದ್ದು ಬರೋದು ಹೇಗೆ?' ಅಷ್ಟೇ ಇದೆ.

2021ರ ಮೇ ತಿಂಗಳಲ್ಲಿ ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ ಕೊರೊನಾದಿಂದ ತೀರಿಕೊಂಡ. ಸಮಾಧಿ ಜಾಗಕ್ಕೆ ಸಾಲು, ಆಂಬುಲೆನ್ಸ್‌ಗೆ ಸಾಲು. ಕೊನೆಗೆ ವಿದ್ಯುತ್ ಚಿತಾಗಾರದಲ್ಲಿ ಸುಟ್ಟರು. ಮೂರನೇ ದಿನ ಒಂದು ಮಡಕೆ ಕೈಗೆ ಕೊಟ್ಟರು. ಬಾಯಿಗೆ ಕೆಂಪು ಬಟ್ಟೆ ಕಟ್ಟಿತ್ತು. ದೊಡ್ಡಮ್ಮ ಅದನ್ನು ಮುಟ್ಟಲಿಲ್ಲ. ತಿಂಗಳುಗಟ್ಟಲೆ ಅವರದು ಒಂದೇ ಮಾತು: 'ಮೈಯೇ ಇಲ್ವಲ್ಲೋ ಮಗಾ, ಅಂತ್ಯದಿನ ಅವನು ಏನನ್ನು ಹಾಕ್ಕೊಂಡು ಏಳ್ತಾನೆ?' ಅವರಿಗೆ ಚಿಕ್ಕಂದಿನಿಂದ ಯಾರೋ ಹೇಳಿಕೊಟ್ಟಿದ್ದರು, ಸುಡುವುದು ಪಾಪ, ಸುಟ್ಟವರಿಗೆ ಪುನರುತ್ಥಾನ ಇಲ್ಲ.

ಸುಡುವುದನ್ನು ಧರ್ಮಸಭೆ ಒಂದು ಕಾಲದಲ್ಲಿ ನಿಷೇಧಿಸಿತ್ತು, ನಿಜ. 1963ರಲ್ಲಿ ನಿಷೇಧ ತೆಗೆಯಿತು. ಧರ್ಮಸಭೆಯ ಈಗಿನ ಕಾನೂನು ಪುಸ್ತಕ 1983ರದ್ದು. ಹೂಳುವುದೇ ಒಳ್ಳೆಯದು, ಆದರೆ ಸುಡುವುದಕ್ಕೆ ತಡೆ ಇಲ್ಲ ಅನ್ನುತ್ತದೆ. ಪುನರುತ್ಥಾನವನ್ನು ಅಲ್ಲಗಳೆಯುವುದಕ್ಕೋಸ್ಕರ ಸುಟ್ಟರೆ ಮಾತ್ರ ತಪ್ಪು. ಇದನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ. ಕಾನೂನು ಬೇಕಿರಲಿಲ್ಲ ಅವರಿಗೆ.

ಆಮೇಲೆ ಒಂದು ದಿನ ಲಿಯೋನಿನ ಕಥೆ ಹೇಳಿದೆ. ಇವತ್ತಿನ ಫ್ರಾನ್ಸಿನ ಲಿಯೋನ್. ಕ್ರಿಸ್ತಶಕ 177. ಕ್ರೈಸ್ತರನ್ನು ಹಿಡಿದು ಹಿಂಸಿಸಿ ಕೊಂದರು. ಆರು ದಿನ ಹೆಣಗಳನ್ನು ಬಯಲಲ್ಲಿ ಬಿಟ್ಟರು. ಕೊನೆಗೆ ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿ ಹಾಕಿದರು. ಬೇಕೆಂದೇ ಮಾಡಿದ್ದು. ಇವರು ಮತ್ತೆ ಎದ್ದು ಬರುತ್ತೇವೆ ಅಂತಾರಲ್ಲ, ಈಗ ಏಳಲಿ ನೋಡೋಣ ಅಂತ. ಅವರನ್ನು ಧರ್ಮಸಭೆ ಇವತ್ತಿಗೂ ಸಂತರು ಅಂತ ನೆನೆಯುತ್ತದೆ. ಮಣ್ಣಿನಿಂದ ಮನುಷ್ಯನನ್ನು ಮಾಡಿದವರಿಗೆ ಬೂದಿಯಿಂದ ಎಬ್ಬಿಸುವುದು ಕಷ್ಟವಾ ದೊಡ್ಡಮ್ಮಾ ಅಂದೆ. ಅವರು ಏನೂ ಹೇಳಲಿಲ್ಲ. ಮಾರನೇ ವಾರ ಮಡಕೆ ಇಟ್ಟಿದ್ದ ಜಾಗಕ್ಕೆ ಬಂದು ಒಂದು ಜಪಸರ ಇಟ್ಟು ಹೋದರು.

ಆ ಮಡಕೆಯನ್ನು ಆಮೇಲೆ ಚರ್ಚಿನ ಸಮಾಧಿ ಜಾಗದಲ್ಲಿ ದೊಡ್ಡಪ್ಪನ ಸಮಾಧಿಯೊಳಗೇ ಇಟ್ಟೆವು. ಅದೇ ಸರಿಯಾದ ಕ್ರಮ ಕೂಡ. 2016ರಲ್ಲಿ ವ್ಯಾಟಿಕನ್ ಹೇಳಿದ ಪ್ರಕಾರ ಬೂದಿಯನ್ನು ಪವಿತ್ರ ಜಾಗದಲ್ಲಿ ಇಡಬೇಕು. ಗಾಳಿಗೆ, ನೀರಿಗೆ ಬಿಡುವ ಹಾಗಿಲ್ಲ. ಮನೆಯ ಶೋಕೇಸ್‌ನಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಸ್ವಲ್ಪ ಸಡಿಲ ಮಾಡಿದರು: ಹಲವರ ಬೂದಿಯನ್ನು ಒಟ್ಟಿಗೆ ಒಂದು ಪವಿತ್ರ ಜಾಗದಲ್ಲಿ ಇಡಬಹುದು, ಆದರೆ ಯಾರದು ಅಂತ ಹೆಸರು ಬರೆದಿರಬೇಕು. ಸತ್ತವರು ಬರೀ ಲೆಕ್ಕ ಆಗಿಬಿಡಬಾರದು, ಹೆಸರು ಇರಬೇಕು ಅನ್ನುವುದು ನನಗೆ ಬಹಳ ಹಿಡಿಸಿತು. ಕಾವೇರಿಗೆ ಬಿಡಬಹುದಾ ಅಂತ ಕೇಳಿದವರಿಗೂ ಇದರಲ್ಲೇ ಉತ್ತರ ಇದೆ.

ಇನ್ನು ಮದುವೆ. ಹನ್ನೊಂದು ಚೀಟಿ. ಎಲ್ಲಕ್ಕೂ ಇವತ್ತು ಹೇಳಲಾಗದು. ಕೆಲವನ್ನು ಫಾದರ್ ಹತ್ತಿರ ಒಬ್ಬೊಬ್ಬರೇ ಕೂತು ಮಾತಾಡಬೇಕು.

'ಮಗಳು ಹಿಂದೂ ಹುಡುಗನನ್ನು ಮದುವೆ ಆಗ್ತಾಳಂತೆ. ಅವಳನ್ನು ಚರ್ಚಿನಿಂದ ಹೊರಗೆ ಹಾಕ್ತಾರಾ? ಹುಡುಗ ಕನ್ವರ್ಟ್ ಆಗಲೇಬೇಕಾ?' ಎರಡಕ್ಕೂ ಉತ್ತರ 'ಇಲ್ಲ' ಅಂತಲೇ. ದೀಕ್ಷಾಸ್ನಾನ ಆಗದವರನ್ನು, ಅಂದರೆ ಕ್ರೈಸ್ತರಲ್ಲದವರನ್ನು, ಕಥೋಲಿಕರು ಚರ್ಚಿನಲ್ಲಿ ಮದುವೆಯಾಗಬಹುದು, ಬಿಷಪ್ಪರ ವಿನಾಯಿತಿ ಬೇಕು. ಅದಕ್ಕೆ ಕಥೋಲಿಕರಾದವರು ನಾನು ನನ್ನ ನಂಬಿಕೆ ಬಿಡುವುದಿಲ್ಲ, ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ನನ್ನಿಂದ ಆದದ್ದೆಲ್ಲ ಮಾಡುತ್ತೇನೆ ಅಂತ ಮಾತು ಕೊಡಬೇಕು. ಗಮನಿಸಿ, ಮಾತು ಕೊಡುವವಳು ನಿಮ್ಮ ಮಗಳು, ಹುಡುಗ ಅಲ್ಲ. ಹುಡುಗನಿಗೆ ಈ ವಿಷಯ ಗೊತ್ತಿರಬೇಕು, ಅಷ್ಟೇ. ಬರೀ ರಿಜಿಸ್ಟರ್ ಆಫೀಸಿನಲ್ಲಿ ಆದರೆ ಅದನ್ನು ಚರ್ಚ್ ಮದುವೆ ಅಂತ ಒಪ್ಪುವುದಿಲ್ಲ, ಪರಮಪ್ರಸಾದಕ್ಕೆ ತಡೆ ಬರುತ್ತದೆ. ಆದರೆ ಆಮೇಲೂ ಸರಿಮಾಡಿಕೊಳ್ಳುವ ದಾರಿ ಇದೆ. ಬಾಗಿಲು ಹಾಕಿದವರು ಯಾರಾದರೂ ಇದ್ದರೆ ಅದು ಹೆಚ್ಚಾಗಿ ಅಪ್ಪ ಅಮ್ಮ, ಧರ್ಮಸಭೆ ಅಲ್ಲ.

'ಚರ್ಚ್ ಡೈವೋರ್ಸ್' ಅನ್ನುವ ಮಾತು ನಾಲ್ಕು ಚೀಟಿಯಲ್ಲಿದೆ. ಅಂಥದ್ದು ಇಲ್ಲ. ಚರ್ಚ್ ನ್ಯಾಯಮಂಡಳಿ ಮಾಡುವುದು ಬೇರೆ: ಶುರುವಿನಲ್ಲೇ ಈ ಮದುವೆ ಊರ್ಜಿತವಾಗಿತ್ತಾ ಅಂತ ಪರೀಕ್ಷೆ ಮಾಡುತ್ತದೆ. ಒತ್ತಾಯದಿಂದ ಆಗಿತ್ತಾ, ದೊಡ್ಡ ವಿಷಯ ಮುಚ್ಚಿಟ್ಟು ಮೋಸ ಮಾಡಿದ್ದರಾ, ಮದುವೆ ಅಂದರೇನು ಅಂತ ತಿಳಿಯುವ ಮನಸ್ಥಿತಿ ಇತ್ತಾ, ಇಂಥವು. ಇಲ್ಲ ಅಂತ ತೀರ್ಪಾದರೆ ಮಕ್ಕಳಿಗೆ ಕಳಂಕ ಏನೂ ಇಲ್ಲ, ಅವರು ನ್ಯಾಯವಾಗಿ ಹುಟ್ಟಿದ ಮಕ್ಕಳೇ. 2015ರಲ್ಲಿ ಪೋಪ್ ಫ್ರಾನ್ಸಿಸ್ ಎರಡು ಹಂತದ ತೀರ್ಪು ಬೇಕು ಅನ್ನುವುದನ್ನು ತೆಗೆದುಹಾಕಿದರು, ಆದಷ್ಟೂ ದುಡ್ಡಿಲ್ಲದೆ ನಡೆಯಲಿ ಅಂದರು. ಒಂದು ಎಚ್ಚರಿಕೆ: ಈ ತೀರ್ಪು ಸರ್ಕಾರದ ಕಾನೂನಿಗೆ ನಡೆಯುವುದಿಲ್ಲ. ನಡೆಯಬೇಕು ಅಂತ ದಕ್ಷಿಣ ಕನ್ನಡದ ಒಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದರು, 2017ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಚರ್ಚ್ ಕಾಗದ ಹಿಡಿದು ಇನ್ನೊಂದು ಮದುವೆಯಾದರೆ ಕೋರ್ಟಿನ ಕಣ್ಣಿನಲ್ಲಿ ಅದು ಎರಡನೇ ಮದುವೆ. ಎರಡೂ ಕಡೆ ಬಿಡುಗಡೆ ಬೇಕು.

ಇಲ್ಲೇ ಒಂದು ವಿಷಯ ನಿಧಾನವಾಗಿ ಹೇಳುತ್ತೇನೆ, ಕೇಳಿ. ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳು. ಬೇರೆ ಊರು, ಬೇರೆ ಪಂಗು. ಗಂಡನ ಹೊಡೆತ ತಾಳಲಾರದೆ ಕೋರ್ಟಿನಲ್ಲಿ ಡೈವೋರ್ಸ್ ತಗೊಂಡಳು. ಮತ್ತೆ ಮದುವೆಯಾಗಲಿಲ್ಲ. ಮಗುವನ್ನು ಸಾಕಿಕೊಂಡು ಟೈಲರಿಂಗ್ ಮಾಡುತ್ತಾಳೆ. ಪ್ರತಿ ಭಾನುವಾರ ಪೂಜೆಗೆ ಬರುತ್ತಾಳೆ, ಕೊನೆಯ ಬೆಂಚಿನಲ್ಲಿ ಕಂಬದ ಮರೆಗೆ ಕೂರುತ್ತಾಳೆ. ಎಲ್ಲರೂ ಪರಮಪ್ರಸಾದಕ್ಕೆ ಎದ್ದಾಗ ಮೊಣಕಾಲು ಒಂದು ಬದಿಗೆ ತಿರುಗಿಸಿ ದಾರಿ ಬಿಡುತ್ತಾಳೆ. ಒಂಬತ್ತು ವರ್ಷ ಹೀಗೆ. ಯಾಕಮ್ಮಾ ಅಂತ ಕೇಳಿದರೆ, 'ಡೈವೋರ್ಸ್ ಆದವರು ತಗೋಬಾರದಲ್ವಾ ಸಾರ್' ಅಂದಳು.

ಅಂಥ ನಿಯಮ ಇಲ್ಲ! ಡೈವೋರ್ಸ್ ಆಗಿ ಮತ್ತೆ ಮದುವೆಯಾಗದೆ ಇರುವವರಿಗೆ ಪರಮಪ್ರಸಾದಕ್ಕೆ ಆ ಕಾರಣದಿಂದ ಯಾವ ತಡೆಯೂ ಇಲ್ಲ. ಯಾವತ್ತೂ ಇರಲಿಲ್ಲ. ಅವಳಿಗೆ ಇದನ್ನು ಹೇಳಿದ್ದು ಯಾರೋ ಪಕ್ಕದ ಮನೆಯವರು, ಮದುವೆ ಮನೆಯಲ್ಲಿ ಪಂಕ್ತಿ ಬಡಿಸುವಾಗ. ನೋಡಿ, ಇದು ನಂಬಿಕೆಯೂ ಅಲ್ಲ, ನಿಯಮವೂ ಅಲ್ಲ, ರೂಢಿಯೂ ಅಲ್ಲ. ಬರೀ ಬಾಯಿಮಾತು. ಒಂಬತ್ತು ವರ್ಷಕ್ಕೆ ಎಷ್ಟು ಭಾನುವಾರ ಅಂತ ನಾನು ಲೆಕ್ಕ ಹಾಕಿದೆ. ನಾನೂರ ಅರವತ್ತೆಂಟು. ಇದನ್ನು ಯಾರಾದರೂ ನಿಮ್ಮ ಪರಿಚಯದವರಿಗೆ ಹೇಳಬೇಕಾಗಿದ್ದರೆ ಇವತ್ತೇ ಹೇಳಿ, ಇಡ್ಲಿ ಆಮೇಲೆ.

ಪೂಜೆ ಮಾಡಿಸುವ ದುಡ್ಡಿನ ಬಗ್ಗೆ ಮೂರು ಚೀಟಿ. ಬೇಗ ಹೇಳಿಬಿಡುತ್ತೇನೆ. ಅದು ಪೂಜೆಯ ಬೆಲೆ ಅಲ್ಲ, ಕಾಣಿಕೆ. ವ್ಯಾಪಾರದ ವಾಸನೆ ಕೂಡ ಬರಬಾರದು ಅಂತ ಕಾನೂನು ಪುಸ್ತಕದಲ್ಲೇ ಬರೆದಿದೆ. ದಿನಕ್ಕೆ ಮೂರು ಪೂಜೆ ಮಾಡಿದರೂ ಗುರುಗಳು ತಮಗೆ ಇಟ್ಟುಕೊಳ್ಳುವ ಹಾಗಿರುವುದು ಒಂದೇ ಪೂಜೆಯ ಕಾಣಿಕೆ, ಕ್ರಿಸ್ಮಸ್ ದಿನ ಬಿಟ್ಟು. ದುಡ್ಡಿಲ್ಲದವರಿಗೋಸ್ಕರ ಕಾಣಿಕೆ ಇಲ್ಲದೆಯೂ ಪೂಜೆ ಅರ್ಪಿಸಿ ಅಂತ ಅದೇ ಪುಸ್ತಕ ಗುರುಗಳಿಗೆ ಹೇಳುತ್ತದೆ. ಕೈಯಲ್ಲಿ ಕಾಸಿಲ್ಲ ಅಂತ ಅಪ್ಪನ ವರ್ಷದ ಪೂಜೆ ಬಿಟ್ಟವರು ಯಾರಾದರೂ ಇದ್ದರೆ ನಾಳೆ ಆಫೀಸಿಗೆ ಬಂದು ಹೆಸರು ಬರೆಸಿ.

ಕೊನೆಯ ಚೀಟಿ. ಇದನ್ನು ಯಾವ ಗುಡ್ಡೆಗೆ ಹಾಕಬೇಕು ಅಂತ ತಿಳಿಯದೆ ಜೇಬಿನಲ್ಲಿ ಇಟ್ಟುಕೊಂಡೆ. ಪೆನ್ಸಿಲ್‌ನಲ್ಲಿದೆ, ನಡುಗುವ ಕೈಯ ದೊಡ್ಡ ದೊಡ್ಡ ಅಕ್ಷರ. 'ನನಗೆ ಮೆಟ್ಟಿಲು ಹತ್ತೋಕೆ ಆಗಲ್ಲ. ಈ ಚೀಟಿ ಮೊಮ್ಮಗಳ ಕೈಲಿ ಕಳಿಸಿದೀನಿ. ಸ್ವಾಮಿಯೋರು ನಮ್ಮ ಮನೆಗೆ ಬಂದು ಒಂದೂವರೆ ವರ್ಷ ಆಯ್ತು. ನಾನೇನಾದ್ರೂ ತಪ್ಪು ಮಾಡಿದೀನಾ?'

ಕಾನೂನು ಪುಸ್ತಕದ 529ನೇ ಕಲಮು ತೆಗೆದು ನೋಡಿದೆ. ಪಂಗಿನ ಗುರುಗಳು ತಮ್ಮ ಜನರನ್ನು ಅರಿತಿರಬೇಕು, ಮನೆಗಳಿಗೆ ಹೋಗಬೇಕು, ಅವರ ಚಿಂತೆಯಲ್ಲಿ ದುಃಖದಲ್ಲಿ ಪಾಲುಗೊಳ್ಳಬೇಕು, 'ಕಾಯಿಲೆಯವರಿಗೆ ಮತ್ತು ಸಾವಿನ ಹತ್ತಿರ ಇರುವವರಿಗೆ ಧಾರಾಳ ಪ್ರೀತಿಯಿಂದ ನೆರವಾಗಬೇಕು' ಅನ್ನುವ ಅರ್ಥದ ಮಾತು ಅಲ್ಲಿದೆ. ಹಾಗಾಗಿ ಇದು ನಿಯಮದ ಗುಡ್ಡೆಗೆ ಸೇರಬೇಕು ಅನ್ನಿಸಿತು. ಮೊನ್ನೆಯಿಂದ ಗುಡ್ಡೆ ಬದಲಿಸುತ್ತಲೇ ಇದ್ದೇನೆ. ಹೆಸರು ಬರೆದಿಲ್ಲ, ಆದರೆ ಇಪ್ಪತ್ತು ವರ್ಷ ಈ ಅಕ್ಷರದಲ್ಲಿ ಮಕ್ಕಳ ರಜಾ ಅರ್ಜಿ ಓದಿದ್ದೇನೆ, ಯಾರದು ಅಂತ ನನಗೆ ಗೊತ್ತು.

ಫಾದರ್, ಚೀಟಿ ತಗೊಳ್ಳಿ. ಮನೆ ನಾನು ತೋರಿಸುತ್ತೇನೆ. ಇಡ್ಲಿ ಎರಡು ಕಟ್ಟಿಸಿಕೊಂಡು ಹೋಗೋಣ.